ದಾರಿಯ ನಡುವಿನ ಊರುಗಳು

ಕಂಪ್ಯೂಟರಿನಲ್ಲಿ ಆಡುವ ‘ಓಪನ್ ವರ್ಲ್ಡ್’ ಆಟಗಳ ಪರಿಚಯ ಇಲ್ಲದವರಿಗಾಗಿ ಮೊದಲು ಎರಡು ಮಾತು. ಆಟಗಾರ ಒಬ್ಬ ಯೋಧನೋ ಬೇಟೆಗಾರನೋ ಅಲೆಮಾರಿಯೋ ಆಗಿ ಒಂದು ಕಲ್ಪಿತ ನಾಡಿನೊಳಗೆ ಇಳಿಯುತ್ತಾನೆ. ಅಲ್ಲಿ ಬೆಟ್ಟ, ಕಾಡು, ಹೊಳೆ, ಹಳ್ಳಿ, ಕೋಟೆ ಎಲ್ಲವೂ ಇವೆ. ಯಾವ ದಿಕ್ಕಿಗೆ ಬೇಕಾದರೂ ನಡೆದು ಹೋಗಬಹುದು. ಮೊದಮೊದಲು ನಡೆಯುವುದೇ ಸುಖ. ಗುಡ್ಡದ ಆಚೆ ಏನಿದೆಯೋ ಎಂಬ ಕುತೂಹಲವೇ ಆಟವನ್ನು ಮುಂದಕ್ಕೆ ಎಳೆಯುತ್ತದೆ. ಹತ್ತಾರು ಸಲ ಅದೇ ಸೇತುವೆ ದಾಟಿ, ಅದೇ ತೋಳಗಳ ಜೊತೆ ಕಾದಾಡಿದ ಮೇಲೆ ಸಾಕೆನಿಸುತ್ತದೆ. ಆಗ ನಕ್ಷೆ ತೆರೆದು ದೂರದ ಊರಿನ ಚುಕ್ಕೆಯನ್ನು ಒತ್ತಿದರೆ ಆಯಿತು, ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಮರುಕ್ಷಣ ಆ ಊರಿನ ಬಾಗಿಲಲ್ಲಿ ನಿಂತಿರುತ್ತಾನೆ. ಇದಕ್ಕೆ ‘ಫಾಸ್ಟ್ ಟ್ರಾವೆಲ್’ ಎಂದು ಹೆಸರು.

ಈ ಸೌಲಭ್ಯ ಎಷ್ಟಿರಬೇಕು ಎನ್ನುವುದು ಆಟ ಕಟ್ಟುವವರ ನಡುವಿನ ಹಳೆಯ ಜಗಳ. ಇಲ್ಲದಿದ್ದರೆ ಆಟ ಬೇಸರವಾಗುತ್ತದೆ, ಕೆಲಸ ಮುಗಿಸಿ ಬಂದು ದಿನಕ್ಕೆ ಒಂದು ಗಂಟೆ ಆಡುವವರು ಆ ಗಂಟೆಯನ್ನೆಲ್ಲ ನಡಿಗೆಯಲ್ಲೇ ಕಳೆಯಬೇಕಾಗುತ್ತದೆ. ಹೆಚ್ಚಾದರೆ ಅಷ್ಟು ಕಷ್ಟಪಟ್ಟು ಕಟ್ಟಿದ ನಾಡು ಚುಕ್ಕೆಗಳ ಪಟ್ಟಿಯಾಗಿಬಿಡುತ್ತದೆ, ಅದರೊಳಗೆ ಬದುಕುತ್ತಿದ್ದೇನೆ ಎಂಬ ತಲ್ಲೀನತೆ ಹೋಗುತ್ತದೆ. ಒಂದು ಕಡೆ ಅನುಕೂಲ, ಇನ್ನೊಂದು ಕಡೆ ತಲ್ಲೀನತೆ. ಎರಡರ ತಕ್ಕಡಿಯನ್ನು ಸಮ ಮಾಡುವುದು ಹೇಗೆ?

ಈ ಪ್ರಶ್ನೆ ಆಟಗಳಿಂದ ಹುಟ್ಟಿದ್ದಲ್ಲ. ಮೈಸೂರು ಸೀಮೆ ಮುನ್ನೂರು ವರ್ಷಗಳಿಂದ ಇದೇ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕೊಡುತ್ತ ಬಂದಿದೆ. ಆ ಉತ್ತರಗಳನ್ನು ನೋಡಲು ರಾಜಧಾನಿಗಿಂತ ಒಳ್ಳೆಯ ಜಾಗ ದಾರಿಯ ಪಕ್ಕದ ಊರು. ಉದಾಹರಣೆಗೆ ಸಾಸಲು. ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಅದೂ ಒಂದು. ಉಳಿದವು ಕಸಬಾ, ದೊಡ್ಡಬೆಳವಂಗಲ, ಮಧುರೆ, ತೂಬಗೆರೆ. ಸಾಸಲಿನಲ್ಲಿ ರೈಲು ನಿಲ್ದಾಣ ಇಲ್ಲ. ಬೆಂಗಳೂರಿನಿಂದ ಎಲ್ಲಿಗೋ ಬೇಗ ಹೋಗುವವರ ನಕ್ಷೆಯಲ್ಲಿ ಅದು ಚುಕ್ಕೆಯಲ್ಲ. ಅಂಥ ಊರಿನಲ್ಲಿ ನಿಂತು ನೋಡಿದರೆ ಪ್ರಯಾಣದ ಚರಿತ್ರೆ ಬೇರೆಯಾಗಿ ಕಾಣುತ್ತದೆ. ಎಷ್ಟು ಬೇಗ ತಲುಪಬಹುದು ಎನ್ನುವುದು ಪ್ರಯಾಣಿಕನ ಪ್ರಶ್ನೆ. ಹೋಗುವ ಗಾಡಿ ಇಲ್ಲಿ ನಿಲ್ಲುತ್ತದೆಯೇ ಎನ್ನುವುದು ಊರಿನ ಪ್ರಶ್ನೆ.

*

ನಿಧಾನದ ಕಾಲದಿಂದಲೇ ಶುರು ಮಾಡೋಣ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಏಪ್ರಿಲ್ 23ರಂದು, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ನೋಡಿ ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದ. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಅವನು ಬರೆದ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ದೊಡ್ಡಬಳ್ಳಾಪುರವೂ ಅವನ ದಾರಿಯಲ್ಲಿ ಬರುತ್ತದೆ. ಒಂದು ದಿನಕ್ಕೆ ಒಂದು ಮಜಲು, ಸಂಜೆಗೆ ಬಿಡಾರ. ಬಿಡಾರ ಬಿಟ್ಟ ಊರಲ್ಲಿ ರಾಗಿ ಹೇಗೆ ಬಿತ್ತುತ್ತಾರೆ, ನೇಗಿಲಿನ ಆಕಾರ ಹೇಗಿದೆ, ನೇಕಾರರಿಗೆ ನೂಲು ಎಲ್ಲಿಂದ ಬರುತ್ತದೆ, ಕೆರೆ ಕೋಡಿ ಬಿದ್ದರೆ ಯಾರು ಕಟ್ಟುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದು. ಇವತ್ತಿಗೂ ಮೈಸೂರು ಸೀಮೆಯ ಆರ್ಥಿಕ ಚರಿತ್ರೆ ಬರೆಯುವವರು ಆ ಮೂರು ಸಂಪುಟಗಳನ್ನು ಬಿಟ್ಟು ಮುಂದೆ ಹೋಗಲಾರರು. ನಡೆಯುವವನ ವೇಗದಲ್ಲಿ ಹೋದದ್ದರಿಂದಲೇ ಅವನಿಗೆ ಅಷ್ಟು ಕಂಡಿತು.

ಹಾಗೆಂದು ನಿಧಾನವನ್ನು ಹಾಡಿ ಹೊಗಳಲು ಹೊರಟರೆ ಎಡವುತ್ತೇವೆ. ಬುಕಾನನ್ ಸರ್ಕಾರದ ಬೆಂಬಲ ಇದ್ದ ಪ್ರಯಾಣಿಕ. ಅವನ ಸಾಮಾನು ಸಾಗಿಸಿದವರು ದಿನಚರಿ ಬರೆಯಲಿಲ್ಲ. ದೊಡ್ಡ ಮನುಷ್ಯರ ಪಲ್ಲಕ್ಕಿಯನ್ನೋ ಹೊರೆಯನ್ನೋ ಒಂದು ಊರಿನಿಂದ ಮುಂದಿನ ಊರಿಗೆ ತಲುಪಿಸಲು ಹಳ್ಳಿಯವರನ್ನು ಬಿಟ್ಟಿ ಹಿಡಿಯುವ ರೂಢಿ ನಮ್ಮಲ್ಲಿ ಬಹಳ ಕಾಲ ಇತ್ತು. ಹೊರೆ ಹೊತ್ತವನಿಗೆ ದಾರಿಯೆಂದರೆ ಬೆವರು. ಸುತ್ತಲಿನ ಚೆಲುವು ಹೊರೆ ಇಳಿಸಿದ ಮೇಲಿನ ಮಾತು. ಬೇಸಿಗೆಯ ನಡಿಗೆಯಲ್ಲಿ ನೀರು ಸಿಗದೆ ಸಾಯುವ ಭಯವಂತೂ ನಿಜವಾದದ್ದೇ. ಇಲ್ಲದಿದ್ದರೆ ಅರವಟ್ಟಿಗೆ ಇಡಿಸುವುದು ಪುಣ್ಯದ ಕೆಲಸ ಆಗುತ್ತಿರಲಿಲ್ಲ, ಶಾಸನಗಳಲ್ಲಿ ಅದರ ಮಾತು ಬರುತ್ತಿರಲಿಲ್ಲ.

ಅರವಟ್ಟಿಗೆ, ಸತ್ರ, ಸಾಲುಮರ, ದಾರಿಬದಿಯ ಬಾವಿ, ತಲೆಹೊರೆ ಇಳಿಸಿ ಸುಧಾರಿಸಿಕೊಳ್ಳಲು ಎತ್ತರಕ್ಕೆ ನಿಲ್ಲಿಸಿದ ಕಲ್ಲು: ಇವು ಆ ಕಾಲದ ಅನುಕೂಲಗಳು. ಇವೆಲ್ಲವೂ ಇದ್ದದ್ದು ದಾರಿಯ ಮೇಲೆ. ಪ್ರಯಾಣದ ಕಷ್ಟ ಕಡಿಮೆ ಮಾಡಲು ನಡುವಿನ ಜಾಗಕ್ಕೇ ಏನಾದರೂ ಸೇರಿಸುತ್ತಿದ್ದರು. ಅನುಕೂಲ ಹೆಚ್ಚಿದಷ್ಟೂ ದಾರಿಯಲ್ಲಿ ನೋಡುವುದು, ನಿಲ್ಲುವುದು, ಮಾತಾಡುವುದು ಹೆಚ್ಚುತ್ತಿತ್ತು.

*

ವೇಗವೂ ಇತ್ತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಮೈಸೂರಿನ ಅಂಚೆ ವ್ಯವಸ್ಥೆಯನ್ನು ಶುರು ಮಾಡಿದರು. ಅಂಚೆಯ ಗುಟ್ಟು ಒಬ್ಬನೇ ಓಡದಿರುವುದು. ಒಬ್ಬ ಓಟಗಾರ ತನ್ನ ಪಾಲಿನ ದೂರವನ್ನು ಓಡಿ ಚೀಲವನ್ನು ಮುಂದಿನವನಿಗೆ ದಾಟಿಸುತ್ತಾನೆ, ಅವನು ಮತ್ತೊಬ್ಬನಿಗೆ. ಕಾಗದ ನಿಲ್ಲದೆ ಹೋಗುತ್ತದೆ, ಮನುಷ್ಯರು ತಮ್ಮ ತಮ್ಮ ಜಾಗದಲ್ಲೇ ಉಳಿಯುತ್ತಾರೆ. ಈ ಏರ್ಪಾಡಿನಿಂದ ಅರಸರಿಗೆ ಇನ್ನೊಂದು ಲಾಭವೂ ಇತ್ತು. ಅಂಚೆಯವರು ಕಾಗದದ ಜೊತೆ ಊರೂರಿನ ಸುದ್ದಿಯನ್ನೂ ಒಪ್ಪಿಸಬೇಕಾಗಿತ್ತು. ನಡುವಿನ ಊರುಗಳು ಈ ವೇಗಕ್ಕೆ ಕಾಲೂ ಆಗಿದ್ದವು, ಕಿವಿಯೂ ಆಗಿದ್ದವು. ಈ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗುವವರೆಗೂ ಮೈಸೂರಿನದೇ ಆಗಿ ನಡೆಯಿತು.

ಎರಡನೆಯ ವೇಗ ಎತ್ತುಗಳದ್ದು. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ದನಗಳ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟವನು ಟಿಪ್ಪು. ಹೈದರಾಲಿ ಈ ಎತ್ತುಗಳನ್ನು ಫಿರಂಗಿ ಎಳೆಯಲು ಬಳಸಿ, ಎರಡೂವರೆ ದಿನದಲ್ಲಿ 100 ಮೈಲಿ ನಡೆಸಿ ಚಿದಂಬರಕ್ಕೆ ನೆರವು ಮುಟ್ಟಿಸಿದ ಎಂದು ಗೆಜೆಟಿಯರ್ ಬರೆದ ಲೂಯಿ ರೈಸ್ ದಾಖಲಿಸುತ್ತಾನೆ. ಟಿಪ್ಪು ಒಂದೇ ತಿಂಗಳಲ್ಲಿ ಪರ್ಯಾಯ ದ್ವೀಪವನ್ನು ಅಡ್ಡಕ್ಕೆ ದಾಟಿ ಬಿದನೂರನ್ನು ಮರಳಿ ಪಡೆಯಲು ಹೋದದ್ದೂ ಇವೇ ಎತ್ತುಗಳ ಬಲದಿಂದ. ಇಂಗ್ಲಿಷ್ ಸೇನಾಧಿಕಾರಿಗಳಿಗೆ ಇವುಗಳ ಮೇಲೆ ಎಷ್ಟು ಕಣ್ಣಿತ್ತೆಂದರೆ 1799ರ ನಂತರ ಇಡೀ ದನದ ಹಿಂಡನ್ನು ತಾವೇ ವಹಿಸಿಕೊಂಡರು.

ಆದರೆ ಎತ್ತಿನ ವೇಗ ಎತ್ತಿನಲ್ಲಷ್ಟೇ ಇರಲಿಲ್ಲ. ಅದು ಕಾವಲುಗಳಲ್ಲಿತ್ತು. ಅಮೃತ ಮಹಲ್ ದನಗಳಿಗೆಂದು ಸೀಮೆಯ ಉದ್ದಗಲಕ್ಕೂ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಅವುಗಳಲ್ಲೇ ವಿಂಗಡಣೆ. ಯಾವ ತಿಂಗಳಲ್ಲಿ ಎಲ್ಲಿ ಹುಲ್ಲಿರುತ್ತದೆ, ಯಾವ ಕೆರೆ ಬೇಸಿಗೆಗೂ ಬತ್ತುವುದಿಲ್ಲ ಎಂದು ಗೊತ್ತಿಲ್ಲದವನು ಈ ಎತ್ತುಗಳಿಂದ ವೇಗ ಪಡೆಯುವಂತಿರಲಿಲ್ಲ. ಬೇಗ ಹೋಗಬೇಕಾದರೆ ನಾಡನ್ನು ಚೆನ್ನಾಗಿ ತಿಳಿದಿರಬೇಕಿತ್ತು. ಅನುಕೂಲ ಮತ್ತು ತಲ್ಲೀನತೆ ಒಂದಕ್ಕೊಂದು ಎದುರಾಳಿಗಳು ಎಂಬ ಈಗಿನ ಮಾತು ಆ ಕಾಲದವರಿಗೆ ಅರ್ಥವಾಗುತ್ತಿರಲಿಲ್ಲ.

*

ಅವೆರಡೂ ಬೇರೆಯಾದದ್ದು ರೈಲಿನಿಂದ. ಮದರಾಸಿನ ಕಡೆಯಿಂದ ಬಂದ ಹಳಿ 1864ರಲ್ಲಿ ಬೆಂಗಳೂರು ದಂಡುಪ್ರದೇಶಕ್ಕೆ ಮುಟ್ಟಿತು. ವಾರಗಟ್ಟಲೆ ಹಿಡಿಯುತ್ತಿದ್ದ ದಾರಿ ಗಂಟೆಗಳಿಗೆ ಇಳಿಯಿತು. ಅಲ್ಲಿಂದಾಚೆಗೆ ಮೈಸೂರು ಸಂಸ್ಥಾನದ ಒಳಗೆ ಮಾತ್ರ ಗಾಡಿ ದಾರಿಗಳೇ.

ಇದರ ಪರಿಣಾಮ ಹನ್ನೆರಡು ವರ್ಷಗಳಾದ ಮೇಲೆ ಕಂಡಿತು. 1876ರಿಂದ 1878ರವರೆಗಿನ ಧಾತು ಈಶ್ವರ ಬರಗಾಲದಲ್ಲಿ ರೈಲು ಹೊರಗಿನ ಧಾನ್ಯವನ್ನು ಬೆಂಗಳೂರಿಗೆ ತಂದು ಸುರಿಯಿತು. ಅದನ್ನು ಒಳನಾಡಿಗೆ ಸಾಗಿಸಬೇಕಾದ ಎತ್ತುಗಳು ಮೇವಿಲ್ಲದೆ, ನೀರಿಲ್ಲದೆ ಸತ್ತಿದ್ದವು, ಉಳಿದವು ಎದ್ದು ನಿಲ್ಲಲಾರದಂತಿದ್ದವು. ಧಾನ್ಯ ಬಂದಿತ್ತು, ನಿಲ್ದಾಣದಲ್ಲಿತ್ತು. ಹಸಿದವರು ನಿಲ್ದಾಣದಿಂದ ದಿನಗಟ್ಟಲೆ ನಡಿಗೆಯ ದೂರದಲ್ಲಿದ್ದರು. ಅನ್ನ ಹುಡುಕಿಕೊಂಡು ನಡೆದು ಬಂದವರಲ್ಲಿ ಎಷ್ಟೋ ಜನ ದಾರಿಯಲ್ಲೇ ಬಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರಿನ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕಿಂತ ಕೆಳಗೆ ಬಂದಿತ್ತು.

ಚುಕ್ಕೆಯಿಂದ ಚುಕ್ಕೆಗೆ ವೇಗವಿದ್ದು ನಡುವೆ ಏನೂ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಚರಿತ್ರೆಯಲ್ಲಿ ಇದಕ್ಕಿಂತ ಕಠೋರವಾದ ಪಾಠ ಇಲ್ಲ. ಈ ಪಾಠವನ್ನು ಓದಿದ ಸರ್ಕಾರ ಅರವಟ್ಟಿಗೆಗಳಿಗೆ ಮರಳಿ ಹೋಗಲಿಲ್ಲ. ಇನ್ನಷ್ಟು ರೈಲು ಹಾಕಿತು. ಅದು ಸರಿಯಾದ ತೀರ್ಮಾನವೇ. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ 1882ರಲ್ಲಿ ಮೈಸೂರು ಮುಟ್ಟಿತು. 1890ರ ದಶಕದ ಆರಂಭದಲ್ಲಿ ಇನ್ನೊಂದು ಹಳಿ ದೊಡ್ಡಬಳ್ಳಾಪುರ, ಗೌರಿಬಿದನೂರುಗಳ ಮೂಲಕ ಹಿಂದೂಪುರದ ಕಡೆಗೆ ಹೋಯಿತು. ಬರದಲ್ಲಿ ಧಾನ್ಯ ಸಿಗಬೇಕಾದರೆ ಹಳಿ ಹತ್ತಿರ ಇರಬೇಕು ಎಂಬುದನ್ನು ಜನ ಪ್ರಾಣ ತೆತ್ತು ಕಲಿತಿದ್ದರು.

ಈ ಮೀಟರ್ ಗೇಜ್ ರೈಲುಗಳಿಗೆ ಒಂದು ಗುಣವಿತ್ತು, ಅವು ನಿಲ್ಲುತ್ತಿದ್ದವು. ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿ ಎಂದು ಊರಿನಿಂದ ಊರಿಗೆ ನಿಲ್ದಾಣ. ನಿಲ್ಲುವ ರೈಲು ತನ್ನದೇ ಒಂದು ಲೋಕವನ್ನು ಸೃಷ್ಟಿಸುತ್ತದೆ. ಮದ್ದೂರು ವಡೆಯ ಹುಟ್ಟಿನ ಕತೆ ನಿಮಗೆ ಗೊತ್ತಿರಬಹುದು. 1917ರಲ್ಲಿ ಮದ್ದೂರಿನ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರಿಗೆ ಒಂದು ದಿನ ರೈಲು ಬರುವ ಹೊತ್ತಿಗೆ ಪಕೋಡ ತಯಾರಿರಲಿಲ್ಲವಂತೆ. ಇದ್ದ ಹಿಟ್ಟಿಗೆ ಇನ್ನಷ್ಟು ಸೇರಿಸಿ, ಚಪ್ಪಟೆ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಕತೆಯ ಒಂದೊಂದು ವಿವರವೂ ನಿಜವೋ ಹೇಗೋ, ಅದರ ತಿರುಳು ನಿಜ. ರೈಲು ಬರುವ ಆತುರ ಮತ್ತು ರೈಲು ನಿಲ್ಲುವ ಕೆಲವು ನಿಮಿಷ, ಎರಡೂ ಸೇರಿದಾಗ ಒಂದು ಊರಿಗೆ ರುಚಿ ಹುಟ್ಟಿತು, ಆ ರುಚಿಗೆ ಊರಿನ ಹೆಸರೇ ಬಂತು. ವೇಗ ಹೆಚ್ಚಾದ ಕೂಡಲೇ ತಲ್ಲೀನತೆ ಸಾಯುತ್ತದೆ ಎನ್ನುವವರು ಇದನ್ನು ನೆನಪಿಡಬೇಕು.

ಹಳಿಯಿಂದ ದೂರ ಉಳಿದ ಸಾಸಲಿನಂಥ ಊರುಗಳಿಗೆ ರೈಲು ಬೇರೆ ಥರ ಸಿಕ್ಕಿತು. ಮೊದಲು ನಡೆದೋ ಗಾಡಿ ಕಟ್ಟಿಯೋ ನಿಲ್ದಾಣದ ಊರಿಗೆ ಬರಬೇಕು, ಆಮೇಲೆ ವೇಗ. ಒಂದು ಹೋಬಳಿಯ ಜನರಿಗೆ ವೇಗ ಶುರುವಾಗುವ ಜಾಗ ಮತ್ತೊಂದು ಹೋಬಳಿಯಲ್ಲಿ. ಈ ಕೊರತೆಯನ್ನು ಹಳ್ಳಿಗಳ ಪಾಲಿಗೆ ತುಂಬಿಕೊಟ್ಟದ್ದು ಬಸ್ಸು. ಖಾಸಗಿ ಮೋಟಾರು ಬಸ್ಸುಗಳು ಮೊದಲೇ ಓಡಾಡುತ್ತಿದ್ದವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಬಸ್ಸು ಊರಿನ ಅರಳಿಕಟ್ಟೆಯ ಹತ್ತಿರ ನಿಲ್ಲುತ್ತದೆ, ಕೈ ಎತ್ತಿದರೆ ದಾರಿಯಲ್ಲೂ ನಿಲ್ಲುತ್ತದೆ. ಕೋಳಿ, ಕಾಯಿಪಲ್ಲೆಯ ಮೂಟೆ, ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟ ಅಜ್ಜಿ ಎಲ್ಲರಿಗೂ ಒಂದೇ ಬಾಗಿಲು. ಇದನ್ನು ಅನುಕೂಲ ಎನ್ನಬೇಕೋ ತಲ್ಲೀನತೆ ಎನ್ನಬೇಕೋ ಯಾರೂ ಕೇಳಲಿಲ್ಲ. ಪಕ್ಕದ ಸೀಟಿನವರು ನಿಮ್ಮ ಮನೆತನ ವಿಚಾರಿಸದೆ ಬಿಡುವುದಿಲ್ಲ, ಅದೇ ಹೊತ್ತಿಗೆ ಊರೂ ಹತ್ತಿರವಾಗುತ್ತಿರುತ್ತದೆ.

*

ಈಗ ಆಟಗಳಿಗೆ ಮರಳೋಣ. ಅವುಗಳ ಮೂವತ್ತು ವರ್ಷದ ಚರಿತ್ರೆಯಲ್ಲಿ ನಮ್ಮ ಮುನ್ನೂರು ವರ್ಷದ ಚರಿತ್ರೆ ಮತ್ತೊಮ್ಮೆ, ಸ್ವಲ್ಪ ಹಿಂದುಮುಂದಾಗಿ, ನಡೆದುಹೋಗಿದೆ.

‘ಎಲ್ಡರ್ ಸ್ಕ್ರಾಲ್ಸ್’ ಎಂಬ ಸರಣಿಯನ್ನೇ ತೆಗೆದುಕೊಳ್ಳಿ. 1996ರಲ್ಲಿ ಬಂದ ಅದರ ‘ಡ್ಯಾಗರ್‌ಫಾಲ್’ ಎಂಬ ಆಟದ ನಾಡು ಎಷ್ಟು ವಿಶಾಲವಾಗಿತ್ತೆಂದರೆ ನಡೆದು ಮುಗಿಸುವುದು ಸಾಧ್ಯವೇ ಇರಲಿಲ್ಲ. ಆಟಗಾರರು ನಕ್ಷೆ ಒತ್ತಿಯೇ ಊರಿನಿಂದ ಊರಿಗೆ ಹೋಗುತ್ತಿದ್ದರು. 2002ರ ‘ಮಾರೋವಿಂಡ್’ ನಾಡನ್ನು ಚಿಕ್ಕದು ಮಾಡಿ, ನಕ್ಷೆಯ ಮಾಯೆಯನ್ನು ತೆಗೆದುಹಾಕಿತು. ಅದರ ಬದಲು ಊರ ಹೊರಗಿನ ಕಟ್ಟೆಯ ಮೇಲೆ ‘ಸಿಲ್ಟ್ ಸ್ಟ್ರೈಡರ್’ ಎಂಬ ಉದ್ದ ಕಾಲಿನ ದೈತ್ಯ ಹುಳ ನಿಂತಿರುತ್ತದೆ. ಅದನ್ನು ನಡೆಸುವವನಿಗೆ ದುಡ್ಡು ಕೊಟ್ಟು ಹತ್ತಬೇಕು. ಅದು ಎಲ್ಲ ಊರಿಗೂ ಹೋಗುವುದಿಲ್ಲ. ಕೆಲವು ಕಡೆಗೆ ದೋಣಿ, ಇನ್ನು ಕೆಲವು ಕಡೆಗೆ ಮಂತ್ರವಾದಿಗಳ ಸಂಘದ ನೆರವು. ಎಲ್ಲಿಂದ ಎಲ್ಲಿಗೆ ಯಾವುದು ಹೋಗುತ್ತದೆ, ಎಲ್ಲಿ ಇಳಿದು ಬದಲಿಸಬೇಕು ಎಂದು ಆಟಗಾರನೇ ತಿಳಿದುಕೊಳ್ಳಬೇಕು. ನಿಲ್ದಾಣದಾಚೆಗಿನ ಗುಹೆಗೋ ಗುಡಿಗೋ ನಡಿಗೆಯೇ ಗತಿ, ಅದರ ದಾರಿಯನ್ನೂ ಅಲ್ಲಿನವರ ಬಾಯಲ್ಲೇ ಕೇಳಬೇಕು. ಬಂಡೆಯ ಹತ್ತಿರ ಎಡಕ್ಕೆ ತಿರುಗು, ಸೇತುವೆ ದಾಟಿದ ಮೇಲೆ ಬೆಟ್ಟದ ಬುಡಕ್ಕೆ ಹೋಗು ಎಂಬಂತೆ. ನಮ್ಮ ಯಾವ ಹಳ್ಳಿಯಲ್ಲಾದರೂ ದಾರಿ ಕೇಳಿ ನೋಡಿ, ಇದೇ ಮಾದರಿಯ ಉತ್ತರ ಸಿಗುತ್ತದೆ. ಬೇರೆ ಹೆಸರಿನಲ್ಲಿ ಇದು ನಮ್ಮ ಬಸ್ಸೇ. ಆ ಆಟ ಆಡಿದವರು ಇಪ್ಪತ್ತು ವರ್ಷದ ನಂತರವೂ ಅದರ ಊರುಗಳನ್ನು ಸ್ವಂತ ಊರಿನ ಹಾಗೆ ನೆನೆಯುತ್ತಾರೆ.

2006ರ ‘ಆಬ್ಲಿವಿಯನ್’ನಲ್ಲಿ ನಕ್ಷೆ ಮತ್ತೆ ಬಂತು. ದೊಡ್ಡ ಪಟ್ಟಣಗಳಿಗೆ ಮೊದಲ ದಿನದಿಂದಲೇ ಜಿಗಿಯಬಹುದು. ದಾರಿ ಕೇಳುವ ಕೆಲಸವೂ ತಪ್ಪಿತು, ಪರದೆಯ ಮೇಲಿನ ಬಾಣದ ಗುರುತು ಹೋಗಬೇಕಾದ ಕಡೆ ತೋರಿಸುತ್ತದೆ. ಆಟ ಸುಲಭವಾಯಿತು, ಇನ್ನಷ್ಟು ಜನ ಆಡಿದರು. ನಡುವಿನ ನಾಡು ಮಾತ್ರ ಬರೀ ಹಿನ್ನೆಲೆಯಾಯಿತು ಎಂಬ ದೂರು ಆಗಲೇ ಹುಟ್ಟಿ, ಇವತ್ತಿಗೂ ನಿಂತಿಲ್ಲ.

ಆಮೇಲೆ ಬಂದವರು ಮಧ್ಯದ ದಾರಿಗಳನ್ನು ಹುಡುಕಿದರು. 2015ರ ‘ವಿಚರ್ 3’ರಲ್ಲಿ ನೀವು ಒಮ್ಮೆ ಕಂಡ ಕೈಮರಗಳಿಗೆ ಮಾತ್ರ ಜಿಗಿಯಬಹುದು, ಅದಕ್ಕೂ ಇನ್ನೊಂದು ಕೈಮರದ ಹತ್ತಿರ ಹೋಗಿ ನಿಲ್ಲಬೇಕು. 2018ರ ‘ಕಿಂಗ್‌ಡಮ್ ಕಮ್’ನಲ್ಲಿ ಜಿಗಿತವೂ ಒಂದು ಪ್ರಯಾಣವೇ. ನಕ್ಷೆಯ ಮೇಲೆ ನಿಮ್ಮ ಗುರುತು ನಿಧಾನವಾಗಿ ಸರಿಯುತ್ತದೆ, ಹೊತ್ತು ಕಳೆಯುತ್ತದೆ, ನಡುವೆ ದರೋಡೆಕಾರರು ಅಡ್ಡಗಟ್ಟಬಹುದು. 2024ರ ‘ಡ್ರಾಗನ್ಸ್ ಡಾಗ್ಮಾ 2’ ಅಂತೂ ನೇರವಾಗಿ ಎತ್ತಿನ ಗಾಡಿಗೇ ಬಂದು ನಿಂತಿತು. ಗಾಡಿ ಹತ್ತಿ ಕೂತು ತೂಕಡಿಸಿದರೆ ಊರು ಬರುತ್ತದೆ. ಬರದೆಯೂ ಇರಬಹುದು, ಏಕೆಂದರೆ ದಾರಿಯಲ್ಲಿ ರಾಕ್ಷಸರು ಗಾಡಿಯನ್ನೇ ಮುರಿದು ಹಾಕಬಲ್ಲರು. ಅದರ ನಿರ್ದೇಶಕ ಹಿದೆಯಾಕಿ ಇತ್ಸುನೋ ಆಟ ಬರುವ ಮೊದಲು ಹೇಳಿದ್ದ ಮಾತಿನ ಸಾರ ಇಷ್ಟು: ಪ್ರಯಾಣ ಬೇಸರ ಎನಿಸಿದರೆ ತಪ್ಪು ಪ್ರಯಾಣದ್ದಲ್ಲ, ನಡುವೆ ಏನೂ ಇಡದ ಆಟದ್ದು. ಒಳ್ಳೆಯ ಮಾತು. ಆದರೆ ಅದೇ ಆಟದ ಜೊತೆಗೆ, ಬೇಗ ಜಿಗಿಯಲು ನೆರವಾಗುವ ಒಂದು ಕಲ್ಲನ್ನು ಕಂಪನಿ ನಿಜವಾದ ದುಡ್ಡಿಗೆ ಮಾರಾಟಕ್ಕಿಟ್ಟಿತು. ಆಟಗಾರರು ಸಿಟ್ಟಿಗೆದ್ದರು. ದಾರಿಯನ್ನು ಉದ್ದ ಮಾಡಿ, ಆಮೇಲೆ ಗಿಡ್ಡ ಮಾಡಲು ಕಾಸು ಕೇಳಿದಂತಾಯಿತು ಎಂದರು. ಟೋಲ್ ಗೇಟಿನ ಮುಂದೆ ನಿಂತವರಿಗೆ ಈ ಸಿಟ್ಟನ್ನು ವಿವರಿಸಬೇಕಾಗಿಲ್ಲ.

ಇವುಗಳಲ್ಲಿ ಹೆಚ್ಚು ಪ್ರೀತಿ ಗಳಿಸಿದ ಉಪಾಯಗಳು ಯಾವುವು ಎಂದು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಿಧಾನವನ್ನು ಬಲವಂತವಾಗಿ ಹೇರಿದವು ಅಲ್ಲ, ವೇಗವನ್ನು ಧಾರಾಳವಾಗಿ ಹಂಚಿದವೂ ಅಲ್ಲ. ವೇಗವನ್ನು ಆ ನಾಡಿನಲ್ಲಿರುವ ಯಾರಿಂದಲೋ, ಯಾವುದೋ ಒಂದು ಜಾಗದಲ್ಲಿ ಪಡೆಯುವಂತೆ ಮಾಡಿದವು. ಹುಳ ನಡೆಸುವವನು, ಗಾಡಿ ಹೊಡೆಯುವವನು, ಕೈಮರ. ಅಂಚೆಯ ಓಟಗಾರ, ಕಾವಲಿನ ಹುಲ್ಲು, ಮದ್ದೂರಿನ ನಿಲ್ದಾಣ ಇವೂ ಅದೇ ಸಾಲಿಗೆ ಸೇರಿದವು. ನಾಡಿನ ಒಳಗಿಂದ ಹುಟ್ಟಿದ ವೇಗ ನಾಡನ್ನು ಅಳಿಸುವುದಿಲ್ಲ.

*

ನಮ್ಮ ಈಗಿನ ರಸ್ತೆಗಳು ಯಾವ ಜಾತಿಯವು? ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಸುಮಾರು ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತದೆ ಎಂದು ಹೇಳಲಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಅದು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಅಪಘಾತಗಳಲ್ಲಿ ಅನೇಕರು ಸತ್ತ ಮೇಲೆ, ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿಗಳನ್ನು ಮುಖ್ಯ ರಸ್ತೆಯಿಂದ ದೂರ ಇಟ್ಟರು. ಆ ವೇಗದಲ್ಲಿ ಅವು ಅಲ್ಲಿರುವುದು ಅಪಾಯವೇ, ನಿಷೇಧದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿ, ಇವು ನಡುವಿನ ಊರಿನವರ ವಾಹನಗಳು. ಚನ್ನಪಟ್ಟಣದ ಬೊಂಬೆ ಅಂಗಡಿಯವರು, ಮದ್ದೂರಿನ ಹೋಟೆಲಿನವರು ವ್ಯಾಪಾರ ಬಿದ್ದುಹೋಯಿತು ಎಂದು ಗೋಳಿಟ್ಟದ್ದನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ರೈಲು ನಿಂತ ಕೆಲವು ನಿಮಿಷದಲ್ಲಿ ಹೆಸರು ಪಡೆದ ವಡೆಯ ಊರನ್ನು ಕಾರುಗಳು ನಿಲ್ಲದೆ ದಾಟುತ್ತಿವೆ.

ದೊಡ್ಡಬಳ್ಳಾಪುರದ ಸೀಮೆಗೂ ಇದು ಬಂದಿದೆ. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಿನಿಂದ ವಿಮಾನ ನಿಲ್ದಾಣ ಇದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಪಕ್ಕದಲ್ಲೇ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಹಾದುಹೋಗಿದೆ. ಬೆಂಗಳೂರಿನೊಳಗೆ ನುಗ್ಗಬೇಕಾಗಿದ್ದ ಲಾರಿಗಳಿಗೆ ಇದು ದೊಡ್ಡ ಉಪಕಾರ, ಬೆಂಗಳೂರಿಗೂ ಉಪಕಾರ.

ಇಲ್ಲಿ ಎರಡು ಕಡೆಯ ಮಾತನ್ನೂ ಆಡಬೇಕು. ತಲ್ಲೀನತೆ ಬೇಕು ಎನ್ನುವವನು ಸಾಮಾನ್ಯವಾಗಿ ಆ ದಾರಿಯಲ್ಲಿ ಒಂದೇ ಸಲ ಹೋಗುವವನು. ದಿನಾ ಬೆಳಿಗ್ಗೆ ಹಳ್ಳಿಯಿಂದ ಹೊರಟು ಕಾರ್ಖಾನೆಯ ಪಾಳಿಗೆ ಮುಟ್ಟಬೇಕಾದ ಹೆಣ್ಣುಮಗಳಿಗೆ ಆ ದಾರಿಯ ಪ್ರತಿ ತಿರುವೂ ಬಾಯಿಪಾಠ. ಅವಳಿಗೆ ಉಳಿದ ಅರ್ಧ ಗಂಟೆ ಎಂದರೆ ಅರ್ಧ ಗಂಟೆ ನಿದ್ದೆ. ಹೆರಿಗೆ ನೋವಿನಲ್ಲಿರುವವಳನ್ನು ಆಸ್ಪತ್ರೆಗೆ ಸಾಗಿಸುವ ಗಾಡಿಗೆ ಸಾಲುಮರದ ನೆರಳು ಬೇಡ, ಒಳ್ಳೆಯ ರಸ್ತೆ ಬೇಕು. ವೇಗವನ್ನು ಬೈಯುವುದು ಅದು ಈಗಾಗಲೇ ಕೈಯಲ್ಲಿರುವವರ ಚಟ ಆಗಬಾರದು. 1877ರಲ್ಲಿ ಹಳಿ ಇನ್ನೂ ಐವತ್ತು ಮೈಲಿ ಒಳಗೆ ಬಂದಿದ್ದರೆ ಎಷ್ಟು ಜನ ಬದುಕುತ್ತಿದ್ದರೋ!

ಆದ್ದರಿಂದ ವೇಗ ಬೇಕೋ ಬೇಡವೋ ಎನ್ನುವುದು ಪ್ರಶ್ನೆಯಲ್ಲ, ಆಟದಲ್ಲೂ ಅಲ್ಲ, ನಾಡಿನಲ್ಲೂ ಅಲ್ಲ. ಆಟ ಮತ್ತು ನಾಡಿನ ನಡುವೆ ಒಂದು ದೊಡ್ಡ ವ್ಯತ್ಯಾಸ ಮಾತ್ರ ಇದೆ. ಆಟದಲ್ಲಿ ಜಿಗಿದು ಹೋದವನು ಕಳೆದುಕೊಳ್ಳುವುದು ತನ್ನ ಅನುಭವವನ್ನು. ಅವನು ದಾಟಿಹೋದ ಹಳ್ಳಿಯಲ್ಲಿ ಅಂಗಡಿಯವನು ಕಾಯುತ್ತ ಕೂತಿರುವುದಿಲ್ಲ. ಆಟಗಾರ ಹತ್ತಿರ ಬಂದಾಗ ಮಾತ್ರ ಆ ಹಳ್ಳಿಗೆ ಜೀವ. ನಾಡಿನಲ್ಲಿ ಹಾಗಲ್ಲ. ಯಾರೂ ಬರದಿದ್ದರೂ ಊರು ಇರುತ್ತದೆ, ಒಲೆ ಹೊತ್ತಿರುತ್ತದೆ, ಹಾಲಿನ ಡೈರಿಗೆ ಕ್ಯಾನು ಬರುತ್ತದೆ. ಅನುಕೂಲವೋ ತಲ್ಲೀನತೆಯೋ ಎಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಪ್ರಯಾಣಿಕನಿಗಿದೆ. ಹೋಗುವವರ ದಾರಿ ಎಲ್ಲಿ ತೆರೆಯಬೇಕು, ಎಲ್ಲಿ ಮುಚ್ಚಬೇಕು ಎಂದು ಹೇಳುವ ಸ್ವಾತಂತ್ರ್ಯ ನಡುವಿನ ಊರಿಗೂ ಇರಬೇಕಲ್ಲ?

ಹಳೆಯ ಮೈಸೂರು ಕಲಿಸುವುದನ್ನು ಮೂರು ಮಾತಿನಲ್ಲಿ ಹೇಳಬಹುದು. ಬೇಗ ಹೋಗುವ ದಾರಿಯಲ್ಲಿ ಇಳಿಯಲು ಜಾಗ ಇರಬೇಕು, ಇಳಿದವನಿಗೆ ಊರು ಹತ್ತಿರ ಇರಬೇಕು. ಆ ವೇಗದ ಕೂಲಿಯಲ್ಲಿ ನಡುವಿನವರಿಗೂ ಪಾಲು ಸಿಗಬೇಕು, ಅಂಚೆಯ ಓಟಗಾರನಿಗೆ ಸಿಕ್ಕ ಹಾಗೆ. ಮತ್ತು ವೇಗದ ದಾರಿಯ ಪಕ್ಕದಲ್ಲಿ ನಿಧಾನದ ದಾರಿ ಕೂಡ ಮುಚ್ಚದೆ ಉಳಿಯಬೇಕು, ಗಾಡಿಗೆ, ಬೈಕಿಗೆ, ಕಾಲ್ನಡಿಗೆಗೆ. ಹೆದ್ದಾರಿಯ ಎಂಜಿನಿಯರು ಸರ್ವೀಸ್ ರಸ್ತೆ, ಅಂಡರ್‌ಪಾಸು ಎಂದು ನಕ್ಷೆಯ ಅಂಚಿನಲ್ಲಿ ಗುರುತಿಸುವ ವಸ್ತುಗಳೇ ಇವು. ಆದರೆ ಊರಿನ ಕಡೆಯಿಂದ ನೋಡಿದರೆ ಅವೇ ಮುಖ್ಯ ರಸ್ತೆ.

ನಿಧಾನದ ದಾರಿ ಇನ್ನೂ ಯಾರಿಗೆ ಬೇಕು ಎಂದು ಕೇಳುವವರಿಗೆ ಉತ್ತರ ಇದೇ ತಾಲ್ಲೂಕಿನಲ್ಲಿದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಚಳಿಗಾಲದಲ್ಲಿ ಕರ್ನಾಟಕದ ಊರುಗಳಿಂದಲ್ಲದೆ ಆಂಧ್ರ, ತಮಿಳುನಾಡಿನ ಕಡೆಗಳಿಂದಲೂ ರೈತರು ಬರುತ್ತಾರೆ. ಒಂದು ಕಾಲದಲ್ಲಿ ಎತ್ತುಗಳನ್ನು ಹೊಡೆದುಕೊಂಡೇ ದಿನಗಟ್ಟಲೆ ನಡೆಯುತ್ತಿದ್ದರು. ಈಗ ಬಹುಪಾಲು ಲಾರಿ, ಟೆಂಪೋಗಳಲ್ಲಿ ತರುತ್ತಾರೆ. ಅದರಲ್ಲಿ ಅವರ ಭಕ್ತಿಯೇನೂ ಕಡಿಮೆಯಾಗಿಲ್ಲ, ಎತ್ತಿನ ಕಾಲಿಗೂ ಆಯಾಸ ತಪ್ಪಿದೆ. ಲಾರಿಯಿಂದ ಇಳಿಸಿದ ಮೇಲೆ ಮಾತ್ರ ಹಳೆಯ ಕ್ರಮವೇ. ಕೊಳ್ಳುವವನು ಎತ್ತನ್ನು ನಿಂತಲ್ಲೇ ನೋಡಿ ಬೆಲೆ ಕಟ್ಟುವುದಿಲ್ಲ. ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸು ಎನ್ನುತ್ತಾನೆ. ಅದು ನಡೆಯಲು ಅಲ್ಲಿ ಒಂದಿಷ್ಟು ಮಣ್ಣಿನ ದಾರಿ ಇರಬೇಕು.